ಗೆಲಿಲಿಯೋ: ತಾರಾನೌಕೆಯ ಒಡಲಲ್ಲಿದ್ದ ಪುಟ್ಟ ನೌಕೆಯ ಕಥೆ

ಅಮೆರಿಕದ 'ಸ್ಟಾರ್ ಟ್ರೆಕ್' ಟೆಲಿವಿಷನ್ ಧಾರಾವಾಹಿಯಲ್ಲಿ 'ಎಂಟರ್‌ಪ್ರೈಸ್' ಎಂಬ ಬೃಹತ್ ತಾರಾನೌಕೆಯ ಹಿಂಭಾಗದ ಹ್ಯಾಂಗರಿನಲ್ಲಿ ಇರಿಸಲಾಗಿದ್ದ, ಏಳು ಜನರನ್ನು ಹೊತ್ತು ಅಪರಿಚಿತ ಗ್ರಹಗಳ ನೆಲಕ್ಕಿಳಿಯಬಲ್ಲ ಶೋಧನಾ ಷಟಲ್ ನೌಕೆಯ ಹೆಸರು ಗೆಲಿಲಿಯೋ. ಕ್ರಿ.ಶ. 1610ರಲ್ಲಿ ದೂರದರ್ಶಕದ ನೆರವಿನಿಂದ ಗುರುಗ್ರಹದ ನಾಲ್ಕು ಉಪಗ್ರಹಗಳನ್ನು ಕಂಡ ಇಟಲಿಯ ವಿಜ್ಞಾನಿ ಗೆಲಿಲಿಯೋ ಗೆಲಿಲಿಯ ಸ್ಮರಣಾರ್ಥ ಅದಕ್ಕೆ ಈ ನಾಮಕರಣ. ಅದರ ಮೈಮೇಲೆ ಬರೆದಿದ್ದ ನೋಂದಣಿ ಸಂಖ್ಯೆ ಎನ್‌ಸಿಸಿ-1701/7. ಮೊದಲ ಭಾಗ ಮಾತೃನೌಕೆಯದು, ಓರೆಗೆರೆಯ ಆಚೆಗಿನ ಏಳು ಈ ಮರಿಯದು.

ಇದು ಎಂದೂ ಹಾರಲಿಲ್ಲ. ಹಾರುವ ಯಂತ್ರವೂ ಅದರಲ್ಲಿರಲಿಲ್ಲ. ಪ್ಲೈವುಡ್, ತಗಡು ಮತ್ತು ಲೋಹದ ಚೌಕಟ್ಟಿನಿಂದ ಮಾಡಿದ ಸುಮಾರು 22 ಅಡಿ ಉದ್ದದ ಚಿತ್ರೀಕರಣದ ಸಾಮಗ್ರಿ ಅದು. ಆದರೂ ಅದನ್ನು ಕೊಳೆತುಹೋಗದಂತೆ ಉಳಿಸಿಕೊಳ್ಳಲು ನಾಲ್ಕು ದಶಕಗಳ ಅನಂತರ ಜನರು ಹಣ ತೆತ್ತರು, ದೋಣಿ ಕಟ್ಟುವ ಬಡಗಿಗಳನ್ನು ಕರೆಸಿದರು. ಕಾಲ್ಪನಿಕ ನೌಕೆಯೊಂದರ ಬಗ್ಗೆ ಪರಿಚಯ ಲೇಖನ ಬರೆಯಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲವೆಂದು ಭಾವಿಸುತ್ತೇವೆ.

ಹಣವಿಲ್ಲದ್ದರಿಂದ ಹುಟ್ಟಿದ ಟ್ರಾನ್ಸ್‌ಪೋರ್ಟರ್

ಜೀನ್ ರಾಡನ್‌ಬರಿ ರೂಪಿಸಿದ 'ಸ್ಟಾರ್ ಟ್ರೆಕ್' 1966ರ ಸೆಪ್ಟೆಂಬರ್ 8ರಂದು ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾಯಿತು. ನಿರ್ಮಾಣ ಡೆಸಿಲು ಸ್ಟುಡಿಯೋದ್ದು. ವಾರಕ್ಕೊಂದು ಹೊಸ ಗ್ರಹ, ವಾರಕ್ಕೊಂದು ಹೊಸ ಕಥೆ. ಅಂಥ ಧಾರಾವಾಹಿಗೆ ಮೊದಲ ದಿನದಿಂದಲೇ ಎದುರಾದ ಪ್ರಶ್ನೆ, ಪಾತ್ರಗಳನ್ನು ನೌಕೆಯಿಂದ ನೆಲಕ್ಕೆ ಇಳಿಸುವುದು ಹೇಗೆ ಎಂಬುದು. ಅಷ್ಟು ದೊಡ್ಡ ಎಂಟರ್‌ಪ್ರೈಸನ್ನೇ ಪ್ರತಿ ವಾರ ನೆಲಕ್ಕಿಳಿಸಿ ತೋರಿಸುವುದು ಆ ಕಾಲದ ತಂತ್ರಜ್ಞಾನಕ್ಕೂ ಬೊಕ್ಕಸಕ್ಕೂ ಮೀರಿದ ಮಾತಾಗಿತ್ತು. ಚಿಕ್ಕ ಷಟಲ್ ಒಂದನ್ನು ಕಟ್ಟಿಸೋಣವೆಂದರೆ ಅದಕ್ಕೂ ಹಣವಿರಲಿಲ್ಲ.

ಆಗ ಹೊಳೆದ ಉಪಾಯವೇ ಟ್ರಾನ್ಸ್‌ಪೋರ್ಟರ್. ವೇದಿಕೆಯ ಮೇಲೆ ನಿಂತ ವ್ಯಕ್ತಿ ಮಿನುಗುತ್ತ ಕರಗಿ ಗ್ರಹದ ಮೇಲೆ ಮತ್ತೆ ಮೂಡಿಕೊಳ್ಳುವ ಆ ದೃಶ್ಯ ಇಂದು ಜಗತ್ತಿನಾದ್ಯಂತ ಪರಿಚಿತ. ಅದರ ಹಿಂದೆ ವಿಜ್ಞಾನಕ್ಕಿಂತ ಮಿತವ್ಯಯದ ಲೆಕ್ಕಾಚಾರವೇ ಹೆಚ್ಚಾಗಿತ್ತೆಂಬುದು ಗಮನಾರ್ಹ. ಬಡತನವೇ ಕಲ್ಪನೆಗೆ ರೆಕ್ಕೆ ಕಟ್ಟಿದ ಉದಾಹರಣೆಗಳು ನಮ್ಮ ನಾಟಕ ಕಂಪನಿಗಳ ಚರಿತ್ರೆಯಲ್ಲೂ ಸಾಕಷ್ಟಿವೆ.

ಷಟಲ್ ಇಲ್ಲದ ಕೊರತೆ ಮಾತ್ರ ಬೇಗನೆ ಬಯಲಾಯಿತು. 1966ರ ಅಕ್ಟೋಬರ್ 6ರಂದು ಪ್ರಸಾರವಾದ 'ದಿ ಎನಿಮಿ ವಿದಿನ್' ಕಂತಿನಲ್ಲಿ ಟ್ರಾನ್ಸ್‌ಪೋರ್ಟರ್ ಕೆಟ್ಟು ನಿಲ್ಲುತ್ತದೆ. ಕೆಳಗೆ ಗ್ರಹದ ಮೇಲೆ ಸುಲು ಮತ್ತವನ ಸಂಗಡಿಗರು ಕೊರೆಯುವ ಚಳಿಯಲ್ಲಿ ಸಾಯುವ ಸ್ಥಿತಿ ತಲುಪುತ್ತಾರೆ. ಒಂದು ಚಿಕ್ಕ ನೌಕೆಯನ್ನು ಕಳುಹಿಸಿ ಅವರನ್ನು ಕರೆತರಬಾರದೇ ಎಂಬ ಪ್ರಶ್ನೆಗೆ ಕಥೆಯಲ್ಲಿ ಉತ್ತರವೇ ಇಲ್ಲ. ಕಾರಣವಿಷ್ಟೇ, ಆಗಿನ್ನೂ ಅಂಥ ನೌಕೆ ಸ್ಟುಡಿಯೋದಲ್ಲಿ ಇರಲಿಲ್ಲ.

ಆಟಿಕೆ ಕಂಪನಿಯ ಕೊಡುಗೆ

ನೌಕೆ ದೊರೆತದ್ದು ಅನಿರೀಕ್ಷಿತ ದಿಕ್ಕಿನಿಂದ. ಮಿಷಿಗನ್ ರಾಜ್ಯದ ಟ್ರಾಯ್ ಪಟ್ಟಣದಲ್ಲಿ ಎಎಂಟಿ ಎಂಬ ಕಂಪನಿಯಿತ್ತು. ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ ಕಾರುಗಳ ಚಿಕ್ಕ ಮಾದರಿ ಮಾಡಿಕೊಳ್ಳುವ ಕಿಟ್‌ಗಳ ಮಾರಾಟ ಅದರ ಕಸುಬು. ಎಂಟರ್‌ಪ್ರೈಸ್ ನೌಕೆಯ ಮಾದರಿ ಕಿಟ್ ಮಾರುವ ಹಕ್ಕನ್ನು ತನಗೆ ಕೊಟ್ಟರೆ, ಚಿತ್ರೀಕರಣಕ್ಕೆ ಬೇಕಾದ ಷಟಲ್ಲನ್ನು ತಾನೇ ಕಟ್ಟಿಸಿಕೊಡುವುದಾಗಿ ಕಂಪನಿ ಒಪ್ಪಿತು. ಸ್ಟುಡಿಯೋಗೆ ಖರ್ಚಿಲ್ಲದೆ ನೌಕೆ, ಕಂಪನಿಗೆ ವರ್ಷಗಟ್ಟಲೆ ಮಾರಾಟವಾಗುವ ಸರಕು. ಟೆಲಿವಿಷನ್ ವ್ಯವಹಾರದಲ್ಲಿ ಇಬ್ಬರಿಗೂ ಇಷ್ಟು ಲಾಭವಾದ ಕರಾರುಗಳು ಅಪರೂಪ. 1974ರಲ್ಲಿ ಗೆಲಿಲಿಯೋದ ಮಾದರಿ ಕಿಟ್ಟನ್ನೂ ಅದೇ ಕಂಪನಿ ಮಾರುಕಟ್ಟೆಗೆ ತಂದಿತು.

ಎಂಟರ್‌ಪ್ರೈಸಿನ ವಿನ್ಯಾಸಕಾರ, ಧಾರಾವಾಹಿಯ ಕಲಾ ನಿರ್ದೇಶಕ ಮ್ಯಾಟ್ ಜೆಫ್ರೀಸ್ ಷಟಲ್ಲಿಗೆ ಮೊದಲು ಕಲ್ಪಿಸಿದ್ದು ಬಾಗಿದ, ನಯವಾದ ಆಕಾರವನ್ನು. ಬಾಗಿದ ಮೈಯನ್ನು ಪೂರ್ಣ ಗಾತ್ರದಲ್ಲಿ ಕಟ್ಟುವುದು ದುಬಾರಿ. ಆಗ ಹೊಣೆ ಹೊತ್ತವರು ಥಾಮಸ್ ಕೆಲಾಗ್. ಪ್ರಸಿದ್ಧ ವಿನ್ಯಾಸಕಾರ ರೇಮಂಡ್ ಲೋವಿಯ ತಂಡದಲ್ಲಿ ಸ್ಟುಡ್‌ಬೇಕರ್ ಅವಾಂಟಿ ಕಾರಿನ ವಿನ್ಯಾಸದಲ್ಲಿ ಪಾಲ್ಗೊಂಡವರು ಅವರು. ಚಪ್ಪಟೆ ಹಲಗೆಗಳಿಂದಲೇ ಕಟ್ಟಬಹುದಾದ ಕೋನಾಕಾರದ ಮೈಯನ್ನು ಕೆಲಾಗ್ ರೂಪಿಸಿದರು. ಮುಂಭಾಗದಲ್ಲಿ ಓರೆಯಾದ ಮೂಗು, ಅಕ್ಕಪಕ್ಕದಲ್ಲಿ ಕೊಳವೆಯಾಕಾರದ ಎರಡು ಎಂಜಿನ್‌ಗಳು. ನೆಲದ ಮೇಲೆ ನಿಂತಾಗ ಈ ಕೊಳವೆಗಳೇ ಜಾರುಬಂಡಿಯ ಪಟ್ಟಿಗಳಂತೆ ಭಾರ ಹೊರುತ್ತವೆ, ಹಿಂಬದಿಯಲ್ಲಿ ಮತ್ತೊಂದು ಊರುಗೋಲು. ಗಾಲಿಗಳಿಲ್ಲ. ಕಲ್ಲು, ಮರಳು, ಇಳಿಜಾರು ಎಲ್ಲಿ ಬೇಕಾದರೂ ಕೂರಬಲ್ಲದು ಎಂಬ ಭಾವ ಆ ಆಕಾರದಲ್ಲೇ ಇದೆ.

ಕಟ್ಟುವ ಕೆಲಸ ನಡೆದದ್ದು ಅರಿಜೋನಾದ ಫೀನಿಕ್ಸ್ ನಗರದಲ್ಲಿದ್ದ ಎಎಂಟಿಯ ಕಾರ್ಯಾಗಾರದಲ್ಲಿ. ಮುಂದಾಳು ಜೀನ್ ವಿನ್‌ಫೀಲ್ಡ್, ಹಳೆಯ ಕಾರುಗಳಿಗೆ ಹೊಸ ರೂಪ ಕೊಡುವುದರಲ್ಲಿ ಅಮೆರಿಕದಾದ್ಯಂತ ಹೆಸರಾಗಿದ್ದ ಕುಶಲಕರ್ಮಿ. ಹೀಗೆ ಭವಿಷ್ಯದ ಬಾಹ್ಯಾಕಾಶ ನೌಕೆಯ ಮೈಯಲ್ಲಿ ಅರವತ್ತರ ದಶಕದ ಮೋಟಾರು ಕಾರಿನ ಗತ್ತು ಸೇರಿಕೊಂಡಿತು. ಚಿತ್ರಗಳನ್ನು ಇಂದು ನೋಡಿದರೂ ಅದು ವಿಮಾನದ ತಮ್ಮನಿಗಿಂತ ವ್ಯಾನಿನ ಅಣ್ಣನಂತೆ ಕಾಣುವುದು ಸುಳ್ಳಲ್ಲ.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಹೊರಗಿನಿಂದ ಕಾಣುವ ಗೆಲಿಲಿಯೋದೊಳಗೆ ಎತ್ತರದ ಮನುಷ್ಯ ನೆಟ್ಟಗೆ ನಿಲ್ಲಲಾರ. ಆದರೆ ಒಳಗಿನ ದೃಶ್ಯಗಳಲ್ಲಿ ಎಲ್ಲರೂ ಆರಾಮವಾಗಿ ಓಡಾಡುತ್ತಾರೆ. ಒಳಾಂಗಣವನ್ನು ಸ್ಟುಡಿಯೋದಲ್ಲಿ ಪ್ರತ್ಯೇಕ ಸೆಟ್ ಆಗಿ, ಹೊರಗಿನ ಅಳತೆಗಿಂತ ದೊಡ್ಡದಾಗಿ ಕಟ್ಟಿದ್ದೇ ಇದಕ್ಕೆ ಕಾರಣ. ಹೊರಗಿನ ಅಳತೆಯೊಳಗೆ ಆ ಒಳಾಂಗಣವನ್ನು ಕೂರಿಸುವ ನಕಾಶೆ ಬರೆಯಲು ಅಭಿಮಾನಿಗಳು ದಶಕಗಳಿಂದ ತಲೆ ಕೆಡಿಸಿಕೊಂಡಿದ್ದಾರೆ. ನೌಕೆಯನ್ನು ಹಿಗ್ಗಿಸದೆ ಅದು ಸಾಧ್ಯವಾಗುವುದಿಲ್ಲ.

ಐದು ನೂರು ಪೌಂಡು ಭಾರ

ನೌಕೆಗೆ ಕೀರ್ತಿ ತಂದ ಕಂತು 'ದಿ ಗೆಲಿಲಿಯೋ ಸೆವೆನ್'. ಆಲಿವರ್ ಕ್ರಾಫರ್ಡ್ ಮತ್ತು ಶಿಮಾನ್ ವಿನ್ಸೆಲ್‌ಬರ್ಗ್ ಬರೆದು, ರಾಬರ್ಟ್ ಗಿಸ್ಟ್ ನಿರ್ದೇಶಿಸಿದ ಈ ಕಂತು 1967ರ ಜನವರಿ 5ರಂದು ಪ್ರಸಾರವಾಯಿತು. ಕಾಡಿನಲ್ಲಿ ಬಿದ್ದ ವಿಮಾನದಲ್ಲಿ ಎಲ್ಲರಿಗೂ ಜಾಗವಿಲ್ಲದ ಕಥೆಯುಳ್ಳ 1939ರ 'ಫೈವ್ ಕೇಮ್ ಬ್ಯಾಕ್' ಚಲನಚಿತ್ರ ಇದಕ್ಕೆ ಪ್ರೇರಣೆ ಎನ್ನಲಾಗಿದೆ.

ಕಥೆ ಇಂತಿದೆ. ಪಿಡುಗಿಗೆ ಸಿಕ್ಕಿದ ನ್ಯೂ ಪ್ಯಾರಿಸ್ ವಸಾಹತಿಗೆ ತಲುಪಬೇಕಾದ ಔಷಧಗಳನ್ನು ಹೊತ್ತು ಎಂಟರ್‌ಪ್ರೈಸ್ ಮೇಕಸ್-3 ಗ್ರಹಕ್ಕೆ ಹೊರಟಿದೆ. ಪಯಣ ಮೂರು ದಿನದ್ದು, ಔಷಧ ಹಸ್ತಾಂತರವಾಗಬೇಕಾದದ್ದು ಐದನೆಯ ದಿನ. ಉಳಿಯುವ ಎರಡು ದಿನಗಳನ್ನು ದಾರಿಯಲ್ಲಿ ಸಿಕ್ಕ 'ಮುರಸಾಕಿ-312' ಎಂಬ ವಿಚಿತ್ರ ಖಗೋಳ ವಿದ್ಯಮಾನದ ಅಧ್ಯಯನಕ್ಕೆ ಬಳಸಲು ಕ್ಯಾಪ್ಟನ್ ಕರ್ಕ್ ನಿರ್ಧರಿಸುತ್ತಾನೆ. ನೌಕೆಯಲ್ಲಿರುವ ಸರಕಾರಿ ಕಮಿಷನರ್ ಫೆರಿಸನಿಗೆ ಇದು ಸುತರಾಂ ಇಷ್ಟವಿಲ್ಲ. ಗೆಲಿಲಿಯೋ ಏಳು ಜನರೊಡನೆ ಹೊರಡುತ್ತದೆ. ನಾಯಕತ್ವ ಸ್ಪಾಕ್‌ನದು, ಜೊತೆಗೆ ವೈದ್ಯ ಮೆಕಾಯ್, ಎಂಜಿನಿಯರ್ ಸ್ಕಾಟ್, ಮತ್ತೆ ಬೋಮಾ, ಗೆಟಾನೊ, ಲ್ಯಾಟಿಮರ್, ಮಿಯರ್ಸ್. ವಿದ್ಯಮಾನದ ಸೆಳೆತಕ್ಕೆ ಸಿಕ್ಕಿದ ನೌಕೆ ದಿಕ್ಕುತಪ್ಪಿ ಟಾರಸ್-2 ಎಂಬ ಗ್ರಹಕ್ಕೆ ಅಪ್ಪಳಿಸುತ್ತದೆ. ಸಂಪರ್ಕ ಕಡಿದುಹೋಗುತ್ತದೆ. ಅದೇ ವಿದ್ಯಮಾನದ ಪ್ರಭಾವದಿಂದ ಎಂಟರ್‌ಪ್ರೈಸಿನ ಶೋಧಕ ಉಪಕರಣಗಳೂ ಕೈಕೊಡುತ್ತವೆ.

ಇಂಧನ ಸೋರಿಹೋಗಿದೆ. ಮತ್ತೆ ಕಕ್ಷೆಗೇರಬೇಕಾದರೆ ಕನಿಷ್ಠ 500 ಪೌಂಡು ಭಾರ ಇಳಿಸಬೇಕೆಂದು ಸ್ಕಾಟ್ ಲೆಕ್ಕ ಒಪ್ಪಿಸುತ್ತಾನೆ. 500 ಪೌಂಡೆಂದರೆ ಸುಮಾರು 227 ಕಿಲೋಗ್ರಾಂ. ಅದು ಮೂವರು ವಯಸ್ಕರ ತೂಕವೆಂದು ಸ್ಪಾಕ್ ಭಾವರಹಿತನಾಗಿ ಹೇಳಿಬಿಡುತ್ತಾನೆ. ಯಾರನ್ನು ಬಿಟ್ಟುಹೋಗಬೇಕು? ಚೀಟಿ ಎತ್ತೋಣ ಎನ್ನುತ್ತಾನೆ ಬೋಮಾ. ಆಯ್ಕೆ ತನ್ನದೇ, ಅದು ತರ್ಕಬದ್ಧವಾಗಿರುತ್ತದೆ ಎನ್ನುತ್ತಾನೆ ಸ್ಪಾಕ್. ಧಾರಾವಾಹಿಯಲ್ಲಿ ಅವನು ಹೀಗೆ ಸ್ವತಂತ್ರವಾಗಿ ತಂಡವೊಂದರ ನಾಯಕತ್ವ ಹೊತ್ತು ಪರೀಕ್ಷೆಗೊಳಗಾಗುವುದು ಇದೇ ಮೊದಲು.

ಭರ್ಜಿ ಎಸೆಯುವ ದೈತ್ಯಾಕಾರದ ಜೀವಿಗಳು ದಾಳಿ ಮಾಡಿ ಮೊದಲು ಲ್ಯಾಟಿಮರನನ್ನು, ಬಳಿಕ ಗೆಟಾನೊನನ್ನು ಕೊಲ್ಲುತ್ತವೆ. ಕೊಲ್ಲದೆ ಹೆದರಿಸಿದರೆ ಅವು ಹಿಮ್ಮೆಟ್ಟುತ್ತವೆ ಎಂಬ ಸ್ಪಾಕ್‌ನ ತರ್ಕ ತಲೆಕೆಳಗಾಗುತ್ತದೆ, ಅವು ಕೆರಳಿ ಮತ್ತೆ ಬರುತ್ತವೆ. ಸತ್ತವರಿಗೆ ಯೋಗ್ಯ ಶವಸಂಸ್ಕಾರವಾಗಲೇಬೇಕೆಂದು ಬೋಮಾ ಪಟ್ಟು ಹಿಡಿಯುತ್ತಾನೆ. ಸಮಯದ ಲೆಕ್ಕ ಮಾಡುತ್ತಿರುವ ನಾಯಕನಿಗೂ ತಂಡಕ್ಕೂ ನಡುವೆ ಬಿರುಕು ಹೆಚ್ಚುತ್ತದೆ. ಬೋಮಾ ಪಾತ್ರಧಾರಿ ಡಾನ್ ಮಾರ್ಷಲ್ ಆಫ್ರಿಕನ್ ಅಮೆರಿಕನ್ ನಟ. ಮೇಲಧಿಕಾರಿಯ ಮುಖಕ್ಕೆ ಮುಖ ಕೊಟ್ಟು ಮಾತನಾಡುವ ವಿಜ್ಞಾನಿಯ ಪಾತ್ರವನ್ನು 1967ರ ಅಮೆರಿಕದ ಟೆಲಿವಿಷನ್ನಿನಲ್ಲಿ ಅವರಿಗೆ ಕೊಟ್ಟಿದ್ದು ಸಣ್ಣ ಸಂಗತಿಯಲ್ಲ.

ಇತ್ತ ಸ್ಕಾಟ್ ಕೈಯಲ್ಲಿದ್ದ ಫೇಸರ್ ಆಯುಧಗಳ ಶಕ್ತಿಯನ್ನೆಲ್ಲ ಬಸಿದು ಎಂಜಿನ್ನಿಗೆ ತುಂಬುತ್ತಾನೆ. ಆತ್ಮರಕ್ಷಣೆಗೆ ಇದ್ದುದನ್ನು ಇಂಧನವಾಗಿಸಿದ ಮೇಲೆ ಅವರ ಬಳಿ ಉಳಿಯುವುದು ನೌಕೆಯ ಗೋಡೆಗಳು ಮಾತ್ರ. ಮೇಲೇರುವಾಗ ಆ ಜೀವಿಗಳು ನೌಕೆಯನ್ನೇ ಹಿಡಿದು ನಿಲ್ಲಿಸುತ್ತವೆ. ಬಿಡಿಸಿಕೊಳ್ಳಲು ಬೂಸ್ಟರ್ ಬಳಸಬೇಕಾಗಿ ಬಂದು, ಕಕ್ಷೆಯಲ್ಲಿ ಹೆಚ್ಚು ಹೊತ್ತು ಉಳಿಯುವಷ್ಟು ಶಕ್ತಿ ಉಳಿಯುವುದಿಲ್ಲ. ಹೇಗೂ ಬಿದ್ದು ಉರಿಯುವುದು ನಿಶ್ಚಿತ ಎಂದಾಗ ಸ್ಪಾಕ್ ಯಾರೂ ನಿರೀಕ್ಷಿಸದ ಕೆಲಸ ಮಾಡುತ್ತಾನೆ. ಉಳಿದ ಇಂಧನವನ್ನೆಲ್ಲ ಹೊರಚೆಲ್ಲಿ ಬೆಂಕಿ ಹಚ್ಚುತ್ತಾನೆ.

ಮೇಲೆ ಕರ್ಕ್ ಕಮಿಷನರನ ಆಜ್ಞೆಗೆ ತಲೆಬಾಗಿ ಹೊರಟಿದ್ದಾನೆ, ಆದರೆ ಬೇಕೆಂದೇ ಮಂದಗತಿಯಲ್ಲಿ. ಹೀಗಾಗಿ ಆ ಬೆಂಕಿಯ ಗೆರೆ ಎಂಟರ್‌ಪ್ರೈಸಿನ ಪರದೆಯ ಮೇಲೆ ಕಾಣುತ್ತದೆ. ಗೆಲಿಲಿಯೋ ಉರಿದು ಬೀಳುವ ಕೊನೆಯ ಕ್ಷಣದಲ್ಲಿ ಐವರನ್ನೂ ಟ್ರಾನ್ಸ್‌ಪೋರ್ಟರ್ ಎಳೆದುಕೊಳ್ಳುತ್ತದೆ. ಹತಾಶೆಯಿಂದ ಮಾಡಿದ ಕೃತ್ಯವನ್ನು ತರ್ಕವೆಂದು ಸಮರ್ಥಿಸಿಕೊಳ್ಳುವ ಸ್ಪಾಕ್‌ನನ್ನು ಎಲ್ಲರೂ ಛೇಡಿಸುವುದರೊಂದಿಗೆ ಕಂತು ಮುಗಿಯುತ್ತದೆ. ಇಬ್ಬರು ಸತ್ತ ಕಥೆಗೆ ಈ ನಗೆ ಕೊಂಚ ಅವಸರದ್ದೆಂದು ಈ ವರದಿಗಾರನಿಗೆ ಅನ್ನಿಸಿದೆ.

ಸುಟ್ಟುಹೋದ ನೌಕೆ ಮತ್ತೆ ಬಂದದ್ದು

ಟಾರಸ್-2ರ ಮೇಲೆ ಉರಿದು ಬೂದಿಯಾದ ಗೆಲಿಲಿಯೋ 1967ರ ನವೆಂಬರ್ 10ರಂದು ಪ್ರಸಾರವಾದ 'ಮೆಟಮಾರ್ಫಸಿಸ್' ಕಂತಿನಲ್ಲಿ ಅದೇ ಹೆಸರು, ಅದೇ ಸಂಖ್ಯೆಯೊಡನೆ ಪ್ರತ್ಯಕ್ಷವಾಗುತ್ತದೆ! ಮೈಮೇಲಿನ ಅಕ್ಷರ ಬದಲಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಲೋಪ ತಿದ್ದಿದ್ದು 1969ರ ಫೆಬ್ರವರಿ 21ರ 'ದಿ ವೇ ಟು ಈಡನ್' ಕಂತಿನಲ್ಲಿ, 'ಗೆಲಿಲಿಯೋ-2' ಎಂಬ ಹೆಸರಿನೊಡನೆ. ಅಷ್ಟರಲ್ಲಿ ಧಾರಾವಾಹಿಯೇ ಮುಗಿಯುವ ಹಂತ ತಲುಪಿತ್ತು. ಈ ನಡುವೆ 'ದಿ ಡೂಮ್ಸ್‌ಡೇ ಮೆಷಿನ್' ಕಂತಿನಲ್ಲಿ ಕಮೊಡೋರ್ ಡೆಕರ್ ಷಟಲ್ ಒಂದನ್ನು ಕದ್ದು ಗ್ರಹಭಕ್ಷಕ ಯಂತ್ರದ ಬಾಯಿಗೇ ನುಗ್ಗುತ್ತಾನೆ. 'ದಿ ಇಮ್ಯೂನಿಟಿ ಸಿಂಡ್ರೋಮ್'ನಲ್ಲಿ ಸ್ಪಾಕ್ ಒಬ್ಬನೇ ದೈತ್ಯ ಅಮೀಬಾದ ಒಡಲೊಳಕ್ಕೆ ಷಟಲ್ ಓಡಿಸುತ್ತಾನೆ. ನೌಕೆ ಹೊರಟ, ಬಂದ ದೃಶ್ಯಗಳನ್ನು ಮತ್ತೆ ಮತ್ತೆ ಬಳಸಿರುವುದು ಸೂಕ್ಷ್ಮವಾಗಿ ನೋಡಿದವರಿಗೆ ತಿಳಿಯುತ್ತದೆ.

ಎಪ್ಪತ್ತೊಂಬತ್ತು ಕಂತುಗಳ ಬಳಿಕ 1969ರ ಜೂನ್ 3ರಂದು ಧಾರಾವಾಹಿ ನಿಂತಿತು. ಎಂಬತ್ತರ ದಶಕದಲ್ಲಿ ನಮ್ಮ ದೂರದರ್ಶನ ಇದನ್ನು ಪ್ರಸಾರ ಮಾಡಿದಾಗ ಕಪ್ಪು-ಬಿಳುಪು ಪೆಟ್ಟಿಗೆಗಳ ಮುಂದೆ ಕುಳಿತು ನೋಡಿದ ತಲೆಮಾರು ಕರ್ನಾಟಕದಲ್ಲೂ ಇದೆ.

ನಿಜವಾದ ನೌಕೆಗಳ ಲೆಕ್ಕ

ಕಥೆಯಲ್ಲಿ ಗೆಲಿಲಿಯೋ ಎದುರಿಸಿದ ತೂಕದ ಸಮಸ್ಯೆಯನ್ನು ಅದೇ ವರ್ಷಗಳಲ್ಲಿ ನಿಜವಾದ ಎಂಜಿನಿಯರುಗಳೂ ಎದುರಿಸುತ್ತಿದ್ದರು. ಅಪೊಲೊ ಯೋಜನೆಯ ಚಂದ್ರನೌಕೆಯೂ ಮಾತೃನೌಕೆಯಿಂದ ಬೇರ್ಪಟ್ಟು ನೆಲಕ್ಕಿಳಿದು ಹಿಂದಿರುಗುವ ಪುಟ್ಟ ನೌಕೆಯೇ. ಗ್ರಮನ್ ಕಂಪನಿಯ ಎಂಜಿನಿಯರುಗಳು ಭಾರ ಇಳಿಸುವ ಸಲುವಾಗಿ ಅದರೊಳಗಿನ ಕುರ್ಚಿಗಳನ್ನೇ ತೆಗೆದುಹಾಕಿದರು, ಗಗನಯಾತ್ರಿಗಳು ನಿಂತುಕೊಂಡೇ ಅದನ್ನು ನಡೆಸಿದರು. ಗೋಡೆಯನ್ನು ಕೆಲವೆಡೆ ಕಾಗದದಂತೆ ತೆಳುವಾಗಿಸಲಾಯಿತು. 1969ರ ಜುಲೈನಲ್ಲಿ ಚಂದ್ರನಿಂದ ಹೊರಡುವ ಮುನ್ನ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಬಜ್ ಆಲ್ಡ್ರಿನ್ ತಮ್ಮ ಬೆನ್ನಿಗಿದ್ದ ಜೀವರಕ್ಷಕ ಚೀಲಗಳನ್ನು ಹೊರಗೆಸೆದರು. 1970ರ ಏಪ್ರಿಲ್‌ನಲ್ಲಿ ಅಪೊಲೊ-13ರ ಮಾತೃನೌಕೆಯಲ್ಲಿ ಆಮ್ಲಜನಕದ ತೊಟ್ಟಿ ಸ್ಫೋಟಿಸಿದಾಗ ಇಬ್ಬರಿಗಾಗಿ ಮಾಡಿದ್ದ ಚಂದ್ರನೌಕೆ 'ಅಕ್ವೇರಿಯಸ್' ಮೂವರನ್ನು ಬದುಕಿಸಿತು. ಪುಟ್ಟ ನೌಕೆಯೇ ಪ್ರಾಣರಕ್ಷಕ ದೋಣಿಯಾದ ಆ ಪ್ರಸಂಗಕ್ಕೆ ಹೋಲಿಸಿದರೆ ಟಾರಸ್-2ರ ಕಥೆ ಅಷ್ಟೇನೂ ಅತಿಶಯವಲ್ಲ.

ಚಂದ್ರನೌಕೆಗೆ ಗಾಳಿಯ ಚಿಂತೆ ಇರಲಿಲ್ಲ. ವಾತಾವರಣವುಳ್ಳ ಗ್ರಹಕ್ಕಿಳಿದು, ಅದೇ ಮೈಯಲ್ಲಿ ಮತ್ತೆ ಕಕ್ಷೆಗೇರಿ, ದುರಸ್ತಿಯಿಲ್ಲದೆ ಮರುದಿನ ಇನ್ನೊಂದು ಗ್ರಹಕ್ಕೆ ಹೊರಡುವ ಗೆಲಿಲಿಯೋದಂಥ ವಾಹನವನ್ನು ಇಂದಿಗೂ ಯಾರೂ ಕಟ್ಟಿಲ್ಲ. ಭೂಮಿಯಿಂದ ಮೇಲೇರುವ ರಾಕೆಟ್ಟಿನ ತೂಕದಲ್ಲಿ ಬಹುಪಾಲು ಇಂಧನವೇ ಆಗಿರುತ್ತದೆ. ಗೆಲಿಲಿಯೋದಲ್ಲಿ ಇಂಧನದ ತೊಟ್ಟಿ ಎಲ್ಲಿದೆಯೆಂದು ಹುಡುಕಿದರೂ ಕಾಣದು.

ಹೆಸರುಗಳ ವಿಷಯದಲ್ಲಿ ಕಲ್ಪನೆ ಮತ್ತು ವಾಸ್ತವ ಒಂದನ್ನೊಂದು ಮುಟ್ಟಿದ್ದುಂಟು. ನಾಸಾದ ಮೊದಲ ಷಟಲ್ಲಿಗೆ 'ಕಾನ್‌ಸ್ಟಿಟ್ಯೂಷನ್' ಎಂದು ಹೆಸರಿಡುವ ಆಲೋಚನೆಯಿತ್ತು. ಧಾರಾವಾಹಿಯ ಅಭಿಮಾನಿಗಳು ರಾಶಿ ರಾಶಿ ಪತ್ರ ಬರೆದ ಮೇಲೆ ಅಧ್ಯಕ್ಷ ಫೋರ್ಡ್ ಅವಧಿಯಲ್ಲಿ ಅದು 'ಎಂಟರ್‌ಪ್ರೈಸ್' ಆಯಿತು. 1976ರ ಸೆಪ್ಟೆಂಬರ್ 17ರಂದು ಕ್ಯಾಲಿಫೋರ್ನಿಯಾದ ಪಾಮ್‌ಡೇಲ್‌ನಲ್ಲಿ ನಡೆದ ಅನಾವರಣಕ್ಕೆ ಕಲಾವಿದರೂ ಬಂದಿದ್ದರು. ವಿಪರ್ಯಾಸವೆಂದರೆ ಪರೀಕ್ಷೆಗಳಿಗಷ್ಟೇ ಬಳಕೆಯಾದ ಆ ಷಟಲ್ ಬಾಹ್ಯಾಕಾಶಕ್ಕೆ ಹೋಗಲೇ ಇಲ್ಲ. 1989ರಲ್ಲಿ ಗುರುಗ್ರಹಕ್ಕೆ ಹೊರಟ ನಾಸಾದ 'ಗೆಲಿಲಿಯೋ' ಶೋಧಕಕ್ಕೆ ಮಾತ್ರ ಧಾರಾವಾಹಿಯ ಋಣವಿಲ್ಲ. ಅದು ನೇರವಾಗಿ ವಿಜ್ಞಾನಿಯ ಹೆಸರು. 1995ರ ಡಿಸೆಂಬರ್ 7ರಂದು ಗುರುವಿನ ಕಕ್ಷೆ ಸೇರಿ, 2003ರ ಸೆಪ್ಟೆಂಬರ್ 21ರಂದು ಗುರುವಿನ ವಾತಾವರಣಕ್ಕೆ ಧುಮುಕಿ ಅದು ಉರಿದುಹೋಯಿತು.

ಉತ್ತರಾಧಿಕಾರಿಗಳು

ಅನಂತರದ ಸ್ಟಾರ್ ಟ್ರೆಕ್ ಸರಣಿಗಳಲ್ಲಿ ಷಟಲ್‌ಗಳು ಹೇರಳ. 'ದಿ ನೆಕ್ಸ್ಟ್ ಜನರೇಶನ್'ನ ಒಂದು ಪುಟ್ಟ ನೌಕೆಗೆ 1986ರ ಚಾಲೆಂಜರ್ ದುರಂತದಲ್ಲಿ ಮಡಿದ ಎಲಿಸನ್ ಒನಿಜುಕಾ ಹೆಸರಿಡಲಾಗಿತ್ತು. 'ವಾಯೇಜರ್' ಸರಣಿಯಲ್ಲಿ 1998ರಲ್ಲಿ ಕಾಣಿಸಿಕೊಂಡ 'ಡೆಲ್ಟಾ ಫ್ಲೈಯರ್' ಅನಿಲ ದೈತ್ಯ ಗ್ರಹದ ಒತ್ತಡವನ್ನೂ ತಾಳಿತು, 'ಥರ್ಟಿ ಡೇಸ್' ಕಂತಿನಲ್ಲಿ ಸಾಗರದಾಳಕ್ಕೂ ಇಳಿಯಿತು. ಅದರ ಚಾಲಕ ಟಾಮ್ ಪ್ಯಾರಿಸ್‌ಗೆ ಆ ಸಾಹಸಕ್ಕಾಗಿ ದೊರೆತ ಬಹುಮಾನ ಹಿಂಬಡ್ತಿ ಮತ್ತು ಮೂವತ್ತು ದಿನಗಳ ಏಕಾಂತ ಸೆರೆ. 2002ರ 'ನೆಮೆಸಿಸ್' ಚಲನಚಿತ್ರದ 'ಆರ್ಗೋ' ಷಟಲ್ ತನ್ನ ಹಿಂಬದಿಯಲ್ಲಿ ನಾಲ್ಕು ಗಾಲಿಯ ತೆರೆದ ವಾಹನವನ್ನೇ ಹೊತ್ತು ತಂದು ಮರುಭೂಮಿಯಲ್ಲಿ ಓಡಿಸಿತು. ಸಾಮರ್ಥ್ಯದಲ್ಲಿ ಇವೆಲ್ಲ ಗೆಲಿಲಿಯೋವನ್ನು ಮೀರಿಸಿದವು. ಆದರೆ ಡೆಲ್ಟಾ ಫ್ಲೈಯರಿನ ಹಾರಾಟ ಹೆಚ್ಚಾಗಿ ಕಂಪ್ಯೂಟರ್ ಚಿತ್ರ. ಹೊರಗೆ ನಿಂತು ಕೈಯಿಂದ ತಟ್ಟಿ ನೋಡಬಹುದಾದ ಮೈ ಗೆಲಿಲಿಯೋದ್ದು.

ಓಹಾಯೋದಿಂದ ಹೂಸ್ಟನ್‌ಗೆ

ಆ ಮೈಯ ಪಾಡು ಮಾತ್ರ ಸುಖಕರವಾಗಿರಲಿಲ್ಲ. ಧಾರಾವಾಹಿ ನಿಂತ ಮೇಲೆ ಸ್ಟುಡಿಯೋಗೆ ಅದು ಜಾಗ ತಿನ್ನುವ ಹಳೆಯ ಸಾಮಾನು. ದಾನವಾಗಿ ಹೋಗಿ, ಬಳಿಕ ಒಬ್ಬರಿಂದೊಬ್ಬ ಖಾಸಗಿ ಮಾಲೀಕರ ಕೈ ಸೇರಿತು. ಒಮ್ಮೆ ದುರಸ್ತಿಯಾದರೂ ಮತ್ತೆ ವರ್ಷಗಟ್ಟಲೆ ಬಯಲಿನಲ್ಲಿ ಮಳೆ, ಹಿಮಕ್ಕೆ ಒಡ್ಡಿಕೊಂಡು ಬಿದ್ದಿತ್ತು. ಸ್ಟುಡಿಯೋ ದೀಪಗಳ ಕೆಳಗೆ ಕೆಲವು ಕಂತುಗಳ ಮಟ್ಟಿಗೆ ಬಾಳಲೆಂದು ಮಾಡಿದ ಪ್ಲೈವುಡ್ಡು ಎಷ್ಟು ಮಳೆಗಾಲಗಳನ್ನು ತಾಳೀತು? ಮರ ಕೊಳೆಯಿತು, ತಗಡು ತುಕ್ಕು ಹಿಡಿಯಿತು, ಕೆಲವು ಭಾಗಗಳು ಕಾಣೆಯಾದವು.

2012ರ ಜೂನ್‌ನಲ್ಲಿ ಓಹಾಯೋ ರಾಜ್ಯದಲ್ಲಿ ನೌಕೆ ಹರಾಜಿಗೆ ಬಂತು. ಧಾರಾವಾಹಿಯ ಸಾಮಗ್ರಿಗಳನ್ನು ಸಂಗ್ರಹಿಸುವ ಅಭಿಮಾನಿಗಳು 60 ಸಾವಿರ ಡಾಲರಿಗೂ ಮಿಕ್ಕಿದ ಬೆಲೆಗೆ ಅದನ್ನು ಕೊಂಡರು. ಕೊಂಡದ್ದು ಹೆಚ್ಚುಕಡಿಮೆ ಅಸ್ಥಿಪಂಜರವನ್ನು. ದುರಸ್ತಿಗೆ ಅವರು ಆರಿಸಿಕೊಂಡದ್ದು ಸಿನಿಮಾ ಸೆಟ್ ಕಟ್ಟುವವರನ್ನಲ್ಲ, ನ್ಯೂಜೆರ್ಸಿಯಲ್ಲಿ ಮರದ ದೋಣಿಗಳನ್ನು ದುರಸ್ತಿ ಮಾಡುವ ಕಾರ್ಯಾಗಾರವನ್ನು. ಈ ಆಯ್ಕೆಯಲ್ಲಿ ವಿವೇಕವಿತ್ತು. ಬಾಗಿಸಿದ ಹಲಗೆ, ಲೋಹದ ಚೌಕಟ್ಟು, ನೀರು ಕುಡಿದು ಉಬ್ಬಿದ ಮರ ಇವೆಲ್ಲ ದೋಣಿಯವರ ನಿತ್ಯದ ಕೆಲಸ. ಸುಮಾರು ಒಂದು ವರ್ಷದ ಅವಧಿಯಲ್ಲಿ ಕೊಳೆತ ಭಾಗಗಳನ್ನು ಬದಲಿಸಿ, ಹಳೆಯ ಛಾಯಾಚಿತ್ರಗಳನ್ನು ನೋಡಿಕೊಂಡು ಬಣ್ಣ, ಅಕ್ಷರಗಳನ್ನು ಮರಳಿ ಬರೆಯಲಾಯಿತು.

ಇಷ್ಟು ಬದಲಿಸಿದ ಮೇಲೆ ಅದು ಹಳೆಯ ಗೆಲಿಲಿಯೋವೇ ಹೌದೇ ಎಂಬ ಪ್ರಶ್ನೆ ಸಹಜ. ಜೀರ್ಣೋದ್ಧಾರ ಕಂಡ ದೇವಾಲಯ, ತೇರುಗಳ ವಿಷಯದಲ್ಲಿ ನಮ್ಮಲ್ಲೂ ಈ ಚರ್ಚೆ ಆಗಾಗ ಏಳುತ್ತದೆ. ಮೂಲ ಅಚ್ಚು ಉಳಿದು, ಹಲಗೆ ಬದಲಾದ ತೇರನ್ನು ಹೊಸ ತೇರು ಎಂದು ಯಾರೂ ಕರೆಯುವುದಿಲ್ಲ.

2013ರ ಜುಲೈ 31ರಂದು ಟೆಕ್ಸಾಸ್‌ನಲ್ಲಿ, ನಾಸಾದ ಜಾನ್ಸನ್ ಬಾಹ್ಯಾಕಾಶ ಕೇಂದ್ರದ ಸಂದರ್ಶಕರ ತಾಣವಾದ ಸ್ಪೇಸ್ ಸೆಂಟರ್ ಹೂಸ್ಟನ್‌ನಲ್ಲಿ ಗೆಲಿಲಿಯೋವನ್ನು ಸಾರ್ವಜನಿಕರ ಮುಂದೆ ಅನಾವರಣಗೊಳಿಸಲಾಯಿತು. ಚಂದ್ರನ ಮೇಲಿದ್ದ ಆರ್ಮ್‌ಸ್ಟ್ರಾಂಗ್ ಮಾತನಾಡಿದ್ದು, ಅಪೊಲೊ-13ರ ಮೂವರನ್ನು ಮನೆಗೆ ಕರೆತರಲು ಲೆಕ್ಕ ಹಾಕಿದ್ದು ಅದೇ ಆವರಣದ ನಿಯಂತ್ರಣ ಕೊಠಡಿಯಲ್ಲಿ.